ಹಗ್ಗದ ಎಳೆಗೆ ಮೀನಿನ ಜೀವ

ಸರಕು ಹಡಗಿನಲ್ಲಿ ತಿಂಗಳುಗಟ್ಟಲೆ ದುಡಿಯುವ ನಾವಿಕರ ಕೈಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮೀನು ಹಿಡಿಯಲು ಅವರೇ ಕಟ್ಟಿಕೊಳ್ಳುವ ಹುಸಿ ಎರೆ. ಹಡಗನ್ನು ದಕ್ಕೆಗೆ ಬಿಗಿಯುವ ಪಾಲಿಪ್ರೊಪಿಲೀನ್ ಹಗ್ಗ ಸವೆದಾಗ ಗೇಣುದ್ದದ ತುಂಡು ಕತ್ತರಿಸಿ, ಒಂದು ತುದಿಗೆ ನೂಲು ಸುತ್ತಿ, ಇನ್ನೊಂದು ತುದಿಯನ್ನು ಕೂದಲಿನಷ್ಟು ತೆಳ್ಳಗೆ ಬಿಡಿಸುತ್ತಾರೆ. ಗಾಳ ಆ ಎಳೆಗಳ ನಡುವೆ ಅಡಗುತ್ತದೆ. ನೀರಿಗಿಳಿದ ಕೂಡಲೇ ಎಳೆಗಳು ಒತ್ತಾಗಿ ಸೇರಿ ಪುಟ್ಟ ಮೀನಿನ ಮೈಯಂತೆ ಮಿಡಿಯುತ್ತವೆ. ಹಳೆಯ ಚಮಚ, ರಬ್ಬರ್ ಕೈಗವಸಿನ ಬೆರಳುಗಳೂ ಈ ಕೆಲಸಕ್ಕೆ ಒದಗುತ್ತವೆ. ಆದರೆ ದೊಡ್ಡ ಹಡಗಿನ ಕಷ್ಟವೇ ಬೇರೆ. ಅದು ಸಾಗುವ 14 ನಾಟ್ ವೇಗವೆಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ಹಿಂಬದಿಯ ಡೆಕ್ಕೋ ನೀರಿನಿಂದ ಬಹಳ ಎತ್ತರ. ಹಗುರ ಎರೆ ಅಲೆಯ ಮೇಲೆ ಕುಪ್ಪಳಿಸುತ್ತಾ ಗಾಳಿಗೇಳುತ್ತದೆ. ಅದಕ್ಕೇ ಮುಂದೆ ಸೀಸದ ತೂಕ, ಉದ್ದನೆಯ ದಾರ, ಜಗ್ಗಾಟ ತಾಳಲು ಸೈಕಲ್ ಟ್ಯೂಬಿನ ತುಂಡು. ನಮ್ಮ ಅಂಜಲ್ ಮೀನಿನ ನೆಂಟ ವಾಹೂ ಅಷ್ಟು ವೇಗದಲ್ಲೂ ಅಟ್ಟಿಸಿಕೊಂಡು ಬಂದು ಕಚ್ಚಬಲ್ಲದು. ಅದರ ಹಲ್ಲಿಗೆ ನೈಲಾನ್ ನಿಲ್ಲದು, ಉಕ್ಕಿನ ತಂತಿಯೇ ಬೇಕು. ಪೆಸಿಫಿಕ್ ದ್ವೀಪಗಳ ಜನ ಮುತ್ತಿನ ಚಿಪ್ಪು ಉಜ್ಜಿ ಹೊಳೆಯುವ ಎರೆ ಮಾಡಿ, ದೋಣಿಯ ಹಿಂದೆ ಎಳೆದು ಟ್ಯೂನಾ ಹಿಡಿದದ್ದೂ ಇದೇ ಜಾಣ್ಮೆಯಿಂದ. ಒಂದೇ ಮಾತು: ಚಿಪ್ಪು ಕಡಲಿನದೇ, ಪ್ಲಾಸ್ಟಿಕ್ ಎಳೆ ಅಲ್ಲ. 1988ರ ಕೊನೆಯಿಂದ ಜಾರಿಯಲ್ಲಿರುವ ಹಡಗುಗಳ ಮಾಲಿನ್ಯ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ಐದನೇ ಅನುಬಂಧ ಹಡಗಿನಿಂದ ಪ್ಲಾಸ್ಟಿಕ್ ಎಸೆಯುವುದನ್ನು ನಿಷೇಧಿಸಿದೆ. ಆದ್ದರಿಂದ ಕತ್ತರಿಸಿ ಉಳಿದ ಚೂರು ಕಸದ ಡಬ್ಬಿಗೇ ಸೇರಲಿ, ಸವೆದ ದಾರ ಹರಿಯುವ ಮೊದಲೇ ಬದಲಾಗಲಿ. ಊಟ ಕೊಟ್ಟ ಕಡಲಿಗೆ ಅಷ್ಟಾದರೂ ಋಣ ಸಲ್ಲಬೇಕು.