ಹೆಲಿಕಾಪ್ಟರ್ ದುರಂತಗಳು: ಹಾರಬಾರದ ಹೊತ್ತಿನಲ್ಲಿ ಹಾರಿದರೆ

2025ರ ಜೂನ್ 15ರ ಮುಂಜಾನೆ ಕೇದಾರನಾಥದಿಂದ ಗುಪ್ತಕಾಶಿಗೆ ಹೊರಟ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಪತನಗೊಂಡು, ಪುಟ್ಟ ಮಗುವೂ ಸೇರಿ 7 ಮಂದಿ ಅಸುನೀಗಿದರು. 2022ರ ಅಕ್ಟೋಬರ್ 18ರಂದೂ ಇದೇ ಮಾರ್ಗದಲ್ಲಿ 7 ಜನ ಬಲಿಯಾಗಿದ್ದರು. ಎರಡೂ ಸಲ ಕಣಿವೆಯಲ್ಲಿ ಮೋಡ ಕವಿದಿತ್ತು.

ಇಲ್ಲಿ ಪೈಲಟ್‌ಗಳು ನೆಲ, ಬೆಟ್ಟಗಳನ್ನು ಕಣ್ಣಾರೆ ನೋಡುತ್ತಲೇ ಹಾರಬೇಕು. ಮೋಡದೊಳಗೆ ಹೊಕ್ಕರೆ ಕ್ಷಣಗಳಲ್ಲೇ ದಿಕ್ಕು ತಪ್ಪಬಹುದು. ಹವಾಮಾನ ಕೆಟ್ಟಾಗ ಹಾರಬಾರದೆಂಬ ನಿಯಮ ಇರುವುದು ಇದಕ್ಕಾಗಿಯೇ. ಆದರೆ ಯಾತ್ರೆಯ ಕಾಲ ಕಡಿಮೆ, ಯಾತ್ರಿಕರ ಸಾಲು ಉದ್ದ. ಆತುರದ ಮುಂದೆ ನಿಯಮ ಸಡಿಲವಾಗುತ್ತದೆ.

‘ಇಂದು ಹಾರುವುದಿಲ್ಲ’ ಎನ್ನುವ ಪೈಲಟ್‌ಗೆ ಸಂಸ್ಥೆ ಬೆಂಬಲವಾಗಿ ನಿಲ್ಲಬೇಕು. ಹಾರಾಟ ರದ್ದಾದಾಗ ಸಿಟ್ಟಾಗದೆ ಕಾಯುವುದು ಯಾತ್ರಿಕರ ಹೊಣೆ. ದರ್ಶನ ಒಂದು ದಿನ ತಡವಾದರೆ ನಷ್ಟವಿಲ್ಲ. ಹೋದ ಜೀವ ಮರಳದು.