ಇಕ್ಕಳದ ಎರಡನೆಯ ಜನ್ಮ

ಗುಜರಿಯ ತಕ್ಕಡಿಗೆ ಗೊತ್ತಿರುವುದು ತೂಕವೊಂದೇ. ಆ ಕಬ್ಬಿಣವನ್ನು ಹಿಡಿದು ದುಡಿದ ಕೈ ಯಾವುದೆಂದು ಅದು ಕೇಳದು. ಕೇಳಿದವನು ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈಲ್ವೆ ಎಂಜಿನ್ನುಗಳ ಕಾರ್ಖಾನೆಯಲ್ಲಿ ಬೆಸುಗೆಗಾರನಾಗಿದ್ದ ಆತ, 1962ರಲ್ಲಿ ಇಟಲಿಯ ವೊಲ್ಟ್ರಿಗೆ ಬಂದನು. ಅಲ್ಲಿಯ ಮುಚ್ಚಿದ ಕಾರ್ಖಾನೆಯಲ್ಲಿ ಕಾರ್ಮಿಕರು ಬಿಟ್ಟುಹೋದ ಇಕ್ಕಳ, ಚಕ್ರ, ಉಕ್ಕಿನ ತುಂಡುಗಳು ಬಿದ್ದಿದ್ದುವು. ಅವನ್ನೇ ಬೆಸೆದು ಒಂದು ತಿಂಗಳಲ್ಲಿ 27 ಶಿಲ್ಪಗಳನ್ನು ನಿಲ್ಲಿಸಿದನು. ಕೆಲವದರಲ್ಲಿ ಇಕ್ಕಳವು ಇಕ್ಕಳವಾಗಿಯೇ ಕಾಣುತ್ತದೆ. ತನ್ನ ಕಸುಬನ್ನು ಮರೆಮಾಚಿಲ್ಲ. ನನ್ನ ಮನಸ್ಸಿಗೆ ನಾಟಿದುದು ಇದೇ. ಕಲ್ಲುಕುಟಿಗನು ಬೇಡದುದನ್ನು ಕೆತ್ತಿ ತೆಗೆಯುತ್ತಾನೆ. ಈತನು ಬೇಡವೆಂದು ಬಿಟ್ಟುದನ್ನು ಕೂಡಿಸಿದನು. ಮುಚ್ಚಿದ ಕಾರ್ಖಾನೆಗಳ ಉಪಕರಣಗಳನ್ನು ಕುಲುಮೆಗೆ ಹಾಕುವ ಮುನ್ನ ಒಂದೆರಡನ್ನಾದರೂ ನಾವು ಉಳಿಸಿಕೊಳ್ಳಬೇಡವೇ? ದುಡಿದವರ ಹೆಸರನ್ನು ಯಾರೂ ಕೆತ್ತಿಡಲಿಲ್ಲ. ಅವರ ಕೈಗುರುತು ಉಳಿದಿರುವುದು ಆ ಸವೆದ ಹಿಡಿಗಳಲ್ಲಿ.