ಗರಡಿ ಮನೆ: ಕ್ಯೂನಲ್ಲಿ ನಿಂತವರೆಷ್ಟು, ಒಳಗೆ ಕೂತವರೆಷ್ಟು?

ಈ ವಾರದ ಅಂಚೆಯಲ್ಲಿ ಒಂದು ದಪ್ಪ ಲಕೋಟೆ! ದಾವಣಗೆರೆ ಕಡೆಯ ತಮ್ಮನೊಬ್ಬ ಬರೆದಿದ್ದಾನೆ. ಫೈಟಿಂಗ್ ಸೀನಿನಲ್ಲಿ ಒಮ್ಮೆಯಾದರೂ ಕಾಣಿಸಿಕೊಳ್ಳುವ ಆಸೆ. ದಿನಾ ಎರಡು ಗಂಟೆ ಕಸರತ್ತು. ಒಂದು ತಿಂಗಳಿಂದ ರಾತ್ರಿ ಮಲಗಿದರೆ ಮೀನಖಂಡ ಹಿಡಿದುಕೊಳ್ಳುತ್ತದಂತೆ. ಜಿಮ್ಮಿನ ಗೆಳೆಯರ ಮಾತು ಕೇಳಿ ‘ಜೀವಕೋಶದೊಳಗಿನ ಖನಿಜ’ ಪರೀಕ್ಷೆ ಮಾಡಿಸಿ, ರಿಪೋರ್ಟನ್ನೂ ಇಟ್ಟು ಕಳಿಸಿದ್ದಾನೆ.

‘‘ಅಣ್ಣಾ, ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಲ್ಲಾ ನಾರ್ಮಲ್. ಇದರಲ್ಲಿ ನೋಡಿದ್ರೆ ಮೆಗ್ನೀಸಿಯಂ, ಪೊಟ್ಯಾಸಿಯಂ ಎರಡೂ ಕಡಿಮೆ. ಯಾವುದನ್ನ ನಂಬಲಿ? ಪೊಟ್ಯಾಸಿಯಂ ಪುಡಿ ತಂದಿಟ್ಟಿದ್ದೀನಿ. ದಿನಕ್ಕೆ ಎಷ್ಟು ಚಮಚ ಹಾಕ್ಕೊಳ್ಳಲಿ?’’

ಒಂದೂ ಚಮಚ ಬೇಡ ತಮ್ಮಾ! ಮೊದಲು ಡಬ್ಬಿ ಮುಚ್ಚಿ ಅಟ್ಟಕ್ಕೆ ಹಾಕು. ಆಮೇಲೆ ಕೂತು ಓದು.

ಶುಕ್ರವಾರದ ಮೊದಲ ಆಟ ನೆನಪಿಸಿಕೋ. ಥಿಯೇಟರ್ ಹೌಸ್‌ಫುಲ್. ಹೊರಗೆ ಗೇಟಿನ ಹತ್ತಿರ ನಾಲ್ಕೈದು ಜನ. ನಮ್ಮ ಮೈಯ ಪೊಟ್ಯಾಸಿಯಂ ಕತೆಯೂ ಇದೇ. ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಕೂತಿರುತ್ತದೆ. ಹೊರಗೆ ಉಳಿಯುವುದು ಬರೀ 2 ಪಾಲು. ಸೋಡಿಯಂ ಇದಕ್ಕೆ ಉಲ್ಟಾ, ಅದರ ಠಿಕಾಣಿ ಹೆಚ್ಚಾಗಿ ಹೊರಗೇ. ಕೋಶದ ಗೋಡೆಯಲ್ಲಿ ಒಬ್ಬ ಗೇಟ್‌ಕೀಪರ್ ಇದ್ದಾನೆ, ಸೋಡಿಯಂ-ಪೊಟ್ಯಾಸಿಯಂ ಪಂಪು. ಮೂರು ಸೋಡಿಯಂ ಆಚೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ಬಿಡುವುದೇ ಅವನ ಕೆಲಸ. ಇವನನ್ನು 1957ರಲ್ಲಿ ಬೆಳಕಿಗೆ ತಂದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೆ 1997ರ ನೊಬೆಲ್ ಸಿಕ್ಕಿತು. ಮೆಗ್ನೀಸಿಯಂ ಇಲ್ಲದಿದ್ದರೆ ಈ ಗೇಟ್‌ಕೀಪರ್‌ಗೆ ಕೈಯೇ ಆಡುವುದಿಲ್ಲ!

ಮಾಮೂಲಿ ರಕ್ತಪರೀಕ್ಷೆ ಎಣಿಸುವುದು ಗೇಟಿನ ಹೊರಗಿನವರನ್ನು. ಪೊಟ್ಯಾಸಿಯಂ 3.5ರಿಂದ 5, ಸೋಡಿಯಂ 135ರಿಂದ 145 ಇದ್ದರೆ ಸರಿ ಅನ್ನುತ್ತಾರೆ. ಮೆಗ್ನೀಸಿಯಂ ವಿಷಯದಲ್ಲಂತೂ ಮೈಯಲ್ಲಿರುವುದರ ನೂರಕ್ಕೆ ಒಂದು ಪಾಲೂ ಈ ರಕ್ತದ್ರವದಲ್ಲಿ ಇರುವುದಿಲ್ಲ. ಆದ್ದರಿಂದ ಹೊರಗೆ ನಾರ್ಮಲ್ ಇದ್ದು ಒಳಗೆ ಕೊರತೆ ಇರುವುದು ಸಾಧ್ಯ. ಇಲ್ಲಿವರೆಗೆ ನಿನ್ನ ಗೆಳೆಯರ ಮಾತು ನಿಜ.

ಆದರೆ ಹೊಸ ಪರೀಕ್ಷೆ ಇಣುಕಿದ್ದು ಎಲ್ಲಿಗೆ? ನಿನ್ನ ರಿಪೋರ್ಟಿನಲ್ಲೇ ಬರೆದಿದೆ, ಕೆಂಪು ರಕ್ತಕಣಕ್ಕೆ. ಅದು ಸುಮಾರು 120 ದಿನ ಬದುಕುವ ಕಣ. ಅದು ಸ್ನಾಯುವಲ್ಲ, ಹೃದಯವೂ ಅಲ್ಲ. ಒಂದು ಥಿಯೇಟರಿನ ಕಲೆಕ್ಷನ್ ನೋಡಿ ಇಡೀ ರಾಜ್ಯದಲ್ಲಿ ಪಿಕ್ಚರ್ ತೋಪು ಅನ್ನೋಕಾಗುತ್ತಾ? ಮೇಲಾಗಿ ‘ಸರಿ’ ಅನ್ನುವ ಅಳತೆ ಒಂದೊಂದು ಲ್ಯಾಬಿನಲ್ಲಿ ಒಂದೊಂದು. ಇದು ಸುಳಿವು, ತೀರ್ಪಲ್ಲ.

ರಕ್ತ ತೆಗೆಯುವಾಗಲೂ ಎಡವಟ್ಟು ಆಗುತ್ತದೆ. ಮುಷ್ಟಿ ಮತ್ತೆ ಮತ್ತೆ ಬಿಗಿಹಿಡಿದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಸಿರಿಂಜಿನಲ್ಲಿ ಕಣಗಳು ಒಡೆದರೆ ಇಂಟರ್‌ವಲ್ ಬೆಲ್ ಹೊಡೆದ ಹಾಗೆ ಒಳಗಿದ್ದವರೆಲ್ಲಾ ಹೊರಗೆ! ಅನುಮಾನ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು.

ಈಗ ನಿನ್ನ ಪುಡಿಯ ಮಾತು. ಪೊಟ್ಯಾಸಿಯಂ ಕ್ಲೋರೈಡ್ ಆಗಿದ್ದರೆ ಒಂದು ಟೀ ಚಮಚದಲ್ಲಿ ಸುಮಾರು 3 ಗ್ರಾಂ ಪೊಟ್ಯಾಸಿಯಂ. ಹೆಚ್ಚುಕಮ್ಮಿ ಇಡೀ ದಿನದ ಊಟದಲ್ಲಿ ಬೇಕಾಗುವಷ್ಟು. ಅದು ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಸೀದಾ ಕೋಶದೊಳಗೆ ಹೋಗಿ ಸೀಟು ಹಿಡಿಯುವುದಿಲ್ಲ ಕಣಪ್ಪಾ, ಮೊದಲು ಗೇಟಿನ ಹೊರಗೇ ನುಗ್ಗುತ್ತದೆ. ಹೃದಯ ಬಡಿಯುವುದೇ ಒಳಗೆ-ಹೊರಗಿನ ಲೆಕ್ಕದ ಮೇಲೆ. ಹೊರಗಿನ ಅಂಕಿ 6.5 ದಾಟಿದರೆ ಬಡಿತವೇ ತಪ್ಪಿ ನಿಂತುಹೋಗಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ಬಿ.ಪಿ. ಮಾತ್ರೆ ತಗೊಳ್ಳುವವರಿಗೆ ಈ ಅಪಾಯ ಇನ್ನೂ ಹತ್ತಿರ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲೂ ಇದೇ ಪೊಟ್ಯಾಸಿಯಂ ಇರುತ್ತದೆ, ನೆನಪಿರಲಿ.

ಇನ್ನೊಂದು ಮಾತು. ಮೆಗ್ನೀಸಿಯಂ ಕೊರತೆ ನಿಜವಾಗಿ ಇದ್ದರೆ ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ. ತಳ ಒಡೆದ ಕೊಡಕ್ಕೆ ನೀರು ಹುಯ್ದ ಹಾಗೆ. ಅದಕ್ಕೇ ಡಾಕ್ಟರು ಮೊದಲು ತಳ ಮುಚ್ಚುತ್ತಾರೆ. ಮೆಗ್ನೀಸಿಯಂ ಮಾತ್ರೆ ಹೆಚ್ಚಾದರೆ ಭೇದಿ ಹಿಡಿದು ಇದ್ದಬದ್ದ ಉಪ್ಪೂ ಹೋಗುತ್ತದೆ, ಹುಷಾರ್!

ಪತ್ರದ ಕೊನೆಗೆ ನೀನು ಬರೆದಿದ್ದೀಯ, ಉಪ್ಪು ಬಿಟ್ಟು ದಿನಕ್ಕೆ ಆರು ಲೀಟರ್ ನೀರು ಕುಡೀತೀನಿ ಅಂತ. ನನಗೆ ಹೆದರಿಕೆ ಆದದ್ದು ಅಲ್ಲೇ. ನಮ್ಮೆಲ್ಲರ ಬ್ರೂಸ್ ಲೀ 1973ರ ಜುಲೈ 20ರಂದು ಹಾಂಗ್‌ಕಾಂಗಿನಲ್ಲಿ ತೀರಿಕೊಂಡಾಗ ವಯಸ್ಸು ಬರೀ 32. ಮೆದುಳು ಊದಿಕೊಂಡಿತ್ತು. ನೋವಿನ ಮಾತ್ರೆ ಮೈಗೆ ಒಗ್ಗಲಿಲ್ಲ ಎಂದು ಆಗ ಹೇಳಿದರು. 2022ರಲ್ಲಿ ಕೆಲವು ಮೂತ್ರಪಿಂಡ ತಜ್ಞರು ಬೇರೆ ಊಹೆ ಮುಂದಿಟ್ಟರು: ಕುಡಿದ ನೀರನ್ನು ಮೂತ್ರಪಿಂಡ ಹೊರಹಾಕಲಾಗದೆ ರಕ್ತದ ಸೋಡಿಯಂ ಕುಸಿದಿರಬಹುದು ಎಂದು. ಇದು ಊಹೆಯಷ್ಟೇ, ಸಾಬೀತಾಗಿಲ್ಲ. ಆದರೆ ಸೋಡಿಯಂ ಕುಸಿದರೆ ಮೆದುಳು ಊದುವುದಂತೂ ಖಂಡಿತ. ಉಕ್ಕಿನಂಥ ಮೈಯಾದರೂ ಅದಕ್ಕೆ ಲೆಕ್ಕವಿಲ್ಲ.

ಹಾಗಾದರೆ ಏನು ಮಾಡಬೇಕು? ಎರಡೂ ರಿಪೋರ್ಟ್ ಹಿಡಿದು ಎಂ.ಬಿ.ಬಿ.ಎಸ್. ಡಾಕ್ಟರ ಹತ್ತಿರ ಹೋಗು. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಜೊತೆಗೆ ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಇಷ್ಟನ್ನೂ ಒಟ್ಟಿಗೆ ನೋಡಿಸು. ಎದೆ ಡವಗುಟ್ಟಿದರೆ, ಕೈಕಾಲು ಸೋತರೆ ಕಾಯಬೇಡ, ಅವತ್ತೇ ಇ.ಸಿ.ಜಿ. ಮಾಡಿಸು. ಸ್ನಾಯು ದಣಿದರೂ ಮೀನಖಂಡ ಹಿಡಿಯುತ್ತದೆ, ವಾರಕ್ಕೊಂದು ದಿನ ರಜಾ ಕೊಡು. ಊಟದಲ್ಲಿ ಉಪ್ಪು ಬಿಡಬೇಡ, ನೀರು ಬಾಯಾರಿದಷ್ಟು ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ, ಸಾಧಾರಣ ಗಾತ್ರದ ಪಚ್ಚಬಾಳೆಯಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋದ ಉಪ್ಪಿಗೆ ಮಜ್ಜಿಗೆಗೊಂದು ಚಿಟಿಕೆ ಉಪ್ಪೇ ವಾಸಿ.

ತೆರೆಯ ಮೇಲೆ ನಿನ್ನ ಫೈಟಿಂಗ್ ನೋಡಿ ಶಿಳ್ಳೆ ಹೊಡೆಯೋಕೆ ನಾವೆಲ್ಲಾ ಕಾಯ್ತಿದ್ದೀವಿ. ಡಾಕ್ಟರು ಏನಂದ್ರು ಅಂತ ಮರೆಯದೆ ಒಂದು ಕಾರ್ಡು ಹಾಕು ತಮ್ಮಾ!